ಹಿಮದಲ್ಲಿ ಓಡಲು ಹೋದ ಸಾಹುಕಾರರು

ನಾರಾಯಣಪೇಟೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಸೀರೆ ಅಂಗಡಿಯ ಸಾಹುಕಾರರು ಐವತ್ತು ದಾಟಿದ ಮೇಲೆ ಓಡಲು ಶುರು ಮಾಡಿದರು. ಓಡುವಾಗ ಒಂದು ಕೈ ಸದಾ ಹೊಟ್ಟೆಯ ಮೇಲಿರುತ್ತಿತ್ತು, ಅದು ತಮಗಿಂತ ಮುಂದೆ ಹೋಗಿಬಿಡುತ್ತದೇನೋ ಎನ್ನುವಂತೆ. ಯಾರೇನು ಕೇಳಿದರೂ ಒಂದೇ ಮಾತು: "ಎಲ್ಲಾ ಮನಸ್ಸಿನ್ಯಾಗ ಐತ್ರಿ."

ಒಂದು ಚಳಿಗಾಲ ಹಿಮಾಚಲದ ಬೆಟ್ಟಗಳಲ್ಲಿ ಹಿಮದ ಮೇಲೆ ದಿನವಿಡೀ ಓಡುವ ಸ್ಪರ್ಧೆಗೆ ಹೆಸರು ಕೊಟ್ಟರು. ನಮ್ಮ ಓಣಿಯಲ್ಲಿ ಹಿಮ ಕಂಡವರು ಯಾರೂ ಇರಲಿಲ್ಲ. ಅವರು ಗದ್ವಾಲದ ಹತ್ತಿ ಮಿಲ್ಲಿಗೆ ಹೋಗಿ ಹತ್ತಿಯ ರಾಶಿಯ ಮೇಲೆ ಓಡಿ ಅಭ್ಯಾಸ ಮಾಡಿದರು. ಮೀಸೆಗೆ ಹತ್ತಿ ಅಂಟಿಸಿಕೊಂಡು ಮರಳಿದಾಗ ನಮಗೆಲ್ಲ ಅರ್ಧ ಗೆದ್ದವರಂತೆಯೇ ಕಂಡರು.

ಜೊತೆಗೆ ನಾನೂ ಹೋಗಿ ಬೆಟ್ಟದ ಕೆಳಗೆ ಕಾಯುತ್ತಿದ್ದೆ. ಮೊದಲ ಏರಿನಲ್ಲೇ ಹಿಮ ಮೊಣಕಾಲಿಗೆ ಬಂದು, ಬೆರಳು ಮರಗಟ್ಟಿ, ಸಾಹುಕಾರರು ಕುಳಿತು ಅತ್ತರಂತೆ. ಸ್ಪರ್ಧೆಯವರು ಅವರನ್ನು ಹೇಸರಗತ್ತೆಯ ಮೇಲೆ ಕೂರಿಸಿ ಇಳಿಸಿದರು.

ಊರಿಗೆ ಬಂದರೆ ಬಸ್ ಸ್ಟ್ಯಾಂಡಿನಲ್ಲಿ ಬ್ಯಾಂಡು, ಶಾಲು, 'ಹಿಮವೀರ' ಎಂಬ ಫ್ಲೆಕ್ಸು. ಸಾಹುಕಾರರು ಮೈಕು ಹಿಡಿದು, "ನಾ ಓಡಿಲ್ರಿ. ಹೇಸರಗತ್ತಿ ಮ್ಯಾಲ ಕುಂತು ಇಳದೀನಿ," ಎಂದರು.

"ನೋಡ್ರಿ, ಎಷ್ಟು ವಿನಯ ಐತಿ," ಎಂದರು ಸಭೆಯ ಅಧ್ಯಕ್ಷರು. ಚಪ್ಪಾಳೆ ಬಿತ್ತು. ಸಾಹುಕಾರರು ಅತ್ತದ್ದನ್ನೂ ಹೇಳಿದರು. ಚಪ್ಪಾಳೆ ಇನ್ನೂ ಜೋರಾಯಿತು. ಮುಂದಿನ ವರ್ಷ ತಾವೂ ಹೊರಡುತ್ತೇವೆಂದು ಹಲವರು ಅಲ್ಲೇ ಕೈ ಎತ್ತಿದರು.

ಚೀಲ ಹೊತ್ತು ನಾನೂ ಸಾಹುಕಾರರ ಜೊತೆ ಅವರ ಮನೆಗೆ ಹೋದಾಗ ಅವರ ಹೆಂಡತಿ ಕೇಳಿದರು, "ಪೂರಾ ಓಡಿದ್ರೇನ್ರಿ?"

"ಇಲ್ಲ. ಹೇಳಿದ್ರ ಯಾರೂ ನಂಬವಲ್ರು."

"ನಾ ನೀವು ಹೊಂಟ ದಿನಾನ ನಂಬಿದ್ದೆ ಬಿಡ್ರಿ," ಎಂದು ಅವರು ಕಾಲಿಗೆ ಬಿಸಿನೀರು ತಂದಿಟ್ಟರು.