ಪೆಟ್ರೋಲ್ ಮುಚ್ಚಳದ ಮೇಲಿನ ಗಂಧ

ಭಾನುವಾರ ಬೆಳಿಗ್ಗೆ ಯಾರ ಮನೆ ಮುಂದೆ ಹಳೆ ಪೇಪರ್ ಹಾಸಿದೆಯೋ ಆ ಮನೆಯಲ್ಲಿ ಬೈಕ್ ಇದೆ ಅಂತ ಅರ್ಥ, ಆಗೆಲ್ಲ. ಅಗ್ರಹಾರದ ನಮ್ಮ ಬೀದಿಯಲ್ಲಿ ಅಂಥ ಮನೆಗಳು ಹೆಚ್ಚಿರಲಿಲ್ಲ; ಒಂದು ನಮ್ಮದು. ಪೇಪರಿನ ಮೇಲೆ ಬಿಚ್ಚಿಟ್ಟ ಕಾರ್ಬುರೇಟರ್, ಸ್ಕ್ರೂಗಳು ಕಳೆದುಹೋಗದಂತೆ ಒಂದು ಸ್ಟೀಲ್ ತಟ್ಟೆ, ತೊಳೆಯಲಿಕ್ಕೆ ಬಟ್ಟಲಲ್ಲಿ ಒಂದಿಷ್ಟು ಪೆಟ್ರೋಲು. ಹೊರಗಿನ ಆ ಪೆಟ್ರೋಲ್ ವಾಸನೆಯೂ ಒಳಗೆ ಅಮ್ಮ ಹಾಕುತ್ತಿದ್ದ ಉಪ್ಪಿಟ್ಟಿನ ಒಗ್ಗರಣೆ ವಾಸನೆಯೂ ನಡುಮನೆಯಲ್ಲಿ ಸೇರಿಕೊಳ್ಳುತ್ತಿದ್ದವು. ನನಗೆ ಭಾನುವಾರ ಅಂದರೆ ಇವತ್ತಿಗೂ ಅದೇ ವಾಸನೆ.

ಬೈಕು ಇಬ್ಬರ ಕೈ ದಾಟಿ ನಮ್ಮ ಮನೆಗೆ ಬಂದಿತ್ತು. ಪೆಟ್ರೋಲ್ ಎಷ್ಟಿದೆ ಅಂತ ತೋರಿಸುವ ಮುಳ್ಳು ಅದಕ್ಕಿರಲಿಲ್ಲ. ಅಪ್ಪ ದಿನಾ ಬೆಳಿಗ್ಗೆ ಟ್ಯಾಂಕಿನ ಮುಚ್ಚಳ ತೆಗೆದು, ಗಾಡಿಯನ್ನು ತೊಟ್ಟಿಲಿನ ಹಾಗೆ ಅತ್ತಿತ್ತ ತೂಗಿ, ಒಳಗೆ ಕುಳಕುಳ ಅನ್ನುವುದನ್ನು ಕೇಳಿ, "ಇವತ್ತಿಗೆ ಸಾಕು" ಅನ್ನುತ್ತಿದ್ದರು. ಅಪ್ಪನ ಕಚೇರಿ ನಡೆದು ಹೋಗುವಷ್ಟು ಹತ್ತಿರ. ಬೈಕು ನಿಜವಾಗಿ ಬೇಕಾಗಿದ್ದು ಅಮ್ಮನಿಗೆ. ಅವಳಿಗೆ ಸಿದ್ಧಾರ್ಥನಗರದ ಒಂದು ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತ್ತು, ಇನ್ನೂ ಕಾಯಂ ಆಗಿರಲಿಲ್ಲ. ಆ ಕಡೆಯ ಬಸ್ಸು ಪ್ರಾರ್ಥನೆ ಮುಗಿದ ಮೇಲೇ ತಲುಪಿಸುತ್ತಿತ್ತು. ಹಾಗಾಗಿ ಅಪ್ಪ ಅಮ್ಮನನ್ನೂ, ಅದೇ ಶಾಲೆಯಲ್ಲಿ ಓದುತ್ತಿದ್ದ ನನ್ನನ್ನೂ ಬಿಟ್ಟು ಬರುತ್ತಿದ್ದರು. ನನ್ನ ಜಾಗ ಮುಂದೆ, ಟ್ಯಾಂಕಿನ ಮೇಲೆ.

ಆ ವರ್ಷ ಆಯುಧಪೂಜೆಗೆ ಬೈಕನ್ನು ತೊಳೆದು, ಹ್ಯಾಂಡಲಿಗೆ ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿ ನಿಲ್ಲಿಸಿದ್ದೆವು. ಪೂಜೆ ಅಜ್ಜಿಯದು. ಅಪ್ಪನ ತಾಯಿ, ವರುಣದ ಕಡೆ ಹಳ್ಳಿಯವಳು. ಅರಿಶಿನ ಬೆರೆಸಿ ಗಟ್ಟಿಯಾಗಿ ತೇಯ್ದ ಗಂಧ ಹಿಡಿದು ಬಂದು, ಹೆಡ್‌ಲೈಟಿಗೆ ಹಚ್ಚಿ ನಿಂತಳು.

"ಕಣ್ಗಾಯ್ತು. ಹಣೆ ಎಲ್ಲದೆ ಇದಕ್ಕೆ?"

"ಗಾಡಿಗೆಲ್ಲಿ ಹಣೆ ಅವ್ವಾ?" ಅಪ್ಪ ನಕ್ಕರು.

"ದಿನಾ ಬೆಳಿಗ್ಗೆ ಅಲ್ಲಿ ಮುಚ್ಚಳ ತಗ್ದು ನೋಡ್ತೀಯಲ್ಲ, ಅಲ್ಲೇಯ."

"ಅದು ಬಾಯಿ ಕಣವ್ವ. ಅಲ್ಲೇ ಪೆಟ್ರೋಲ್ ಹಾಕೋದು."

"ಬಾಯೋ ಹಣೆಯೋ, ಸುಮ್ಕಿರ್ಲಾ." ಅಜ್ಜಿ ಪೆಟ್ರೋಲ್ ಮುಚ್ಚಳದ ಮೇಲೆ ಮೂರು ಬೆರಳಲ್ಲಿ ದಪ್ಪಗೆ ಗಂಧ ಬಳಿದು, ಮಧ್ಯೆ ಕುಂಕುಮ ಒತ್ತಿದಳು. ಬೆಟ್ಟದ ಕಡೆ ತಿರುಗಿ ಕೈ ಮುಗಿದಳು. "ತಾಯಿ ಚಾಮುಂಡವ್ವ, ನನ್ ಸೊಸೆ ಜಯನ ಕೆಲ್ಸ ಕಾಯಂ ಮಾಡ್ಬುಡು. ಅಲ್ಲೀಗಂಟ ಈ ಗಂಧ ಯಾರೂ ಅಳಿಸ್ಬಾರ್ದು. ಏಯ್ ಪುಟ್ಟಿ, ನೀನೂ ಅಷ್ಟೇಯ. ಇನ್ಮೇಲೆ ದೇವ್ರ ಮೇಲೆ ಕುಂಡಿ ಇಟ್ಕಂಡು ಕೂತೀಯ!"

ಅಂದಿನಿಂದ ನನ್ನ ಜಾಗ ಹೋಯಿತು. ಅಪ್ಪ ಅಮ್ಮನ ನಡುವೆ, ಏನೂ ಕಾಣದ ಹಾಗೆ ಸಿಕ್ಕಿಹಾಕಿಕೊಂಡು ಕೂರಬೇಕಾಯಿತು.

ದಸರಾ ರಜೆ ಮುಗಿದು ಶಾಲೆ ಶುರುವಾದ ದಿನ, ಮೃಗಾಲಯದ ಗೋಡೆ ಸಿಕ್ಕುವ ಹೊತ್ತಿಗೆ ಬೈಕು ಕೆಮ್ಮಿ ನಿಂತುಬಿಟ್ಟಿತು. ಅಪ್ಪ ಕಿಕ್ ಹೊಡೆದರು, ಚೋಕ್ ಎಳೆದರು, ರಿಸರ್ವ್‌ಗೆ ತಿರುಗಿಸಿದರು. ಏನೂ ಇಲ್ಲ. ಕೊನೆಗೆ ಪೆಟ್ರೋಲ್ ಇದೆಯೋ ಇಲ್ಲವೋ ಅಂತ ಮುಚ್ಚಳ ತೆಗೆದರು. ಉಸ್ ಅಂತ ಒಂದು ಸದ್ದು. ಪೆಟ್ರೋಲ್ ಇತ್ತು. ಮುಚ್ಚಿ, ತುಸು ಹೊತ್ತು ಬಿಟ್ಟು ಕಿಕ್ ಹೊಡೆದರೆ, ಏನೂ ಆಗೇ ಇಲ್ಲವೆಂಬಂತೆ ಡುಬುಡುಬು ಅಂದಿತು. ನಾವು ಸೇರುವಷ್ಟರಲ್ಲಿ ಪ್ರಾರ್ಥನೆ ಮುಗಿದಿತ್ತು.

ಮರುದಿನವೂ ಅದೇ ಗೋಡೆ, ಅದೇ ಕೆಮ್ಮು. ಗೋಡೆಯಾಚೆ ಯಾವುದೋ ಪ್ರಾಣಿ ಕೂಗಿತು. "ನೋಡಿ, ಅದೂ ನಗ್ತಿದೆ" ಅಂದಳು ಅಮ್ಮ. ಆಮೇಲೆ ಆಮೇಲೆ ಅವಳು ತಮಾಷೆ ಮಾಡುವುದನ್ನು ಬಿಟ್ಟಳು. ಸೀರೆಯ ನೆರಿಗೆ ಎತ್ತಿ ಹಿಡಿದು, ಮುಂದೆ ಮುಂದೆ ನಡೆಯಲು ಶುರುಮಾಡುತ್ತಿದ್ದಳು. ನಾನು ಅವಳ ಹಿಂದೆ ಓಡುತ್ತಿದ್ದೆ.

ಅಪ್ಪ ಕಾರ್ಬುರೇಟರ್ ಬಿಚ್ಚಿದರು. ಭಾನುವಾರ ಅಂತಲೂ ಕಾಯಲಿಲ್ಲ. ಒಳಗಿನ ಜೆಟ್ಟು ಅನ್ನುವ ಹಿತ್ತಾಳೆಯ ಸಣ್ಣ ತುಂಡನ್ನು ಊದಿ, ಬಿಸಿಲಿಗೆ ಹಿಡಿದು, "ಪುಟ್ಟಿ, ಸೂರ್ಯ ಕಾಣ್ತಾನಾ?" ಅನ್ನುತ್ತಿದ್ದರು. ಒಂದು ಕಣ್ಣು ಮುಚ್ಚಿ ನೋಡಿದರೆ ಸೂಜಿಮೊನೆಯಷ್ಟು ಬೆಳಕು. "ಕಾಣ್ತಾನೆ ಅಪ್ಪ." ಪ್ಲಗ್ ಬದಲಾಯಿತು, ಪೆಟ್ರೋಲ್ ಬರುವ ಪೈಪ್ ಬದಲಾಯಿತು. ಬೀದಿಯ ಮೂಲೆಯ ಮೆಕ್ಯಾನಿಕ್ ಒಂದು ಸುತ್ತು ಹೊಡೆದು ಬಂದು, "ಚಿನ್ನದಂಗದೆ ಸಾರ್ ಗಾಡಿ" ಅಂದ. ನಮ್ಮ ಬೀದಿಯಲ್ಲಿ ಅದು ಚಿನ್ನವೇ. ಮೃಗಾಲಯದ ಹತ್ತಿರ ಮಾತ್ರ ಕಬ್ಬಿಣ.

ಒಂದು ದಿನ ಹೆಡ್‌ಮಿಸ್ಟ್ರೆಸ್ ಅಮ್ಮನನ್ನು ಗೇಟಿನಲ್ಲೇ ನಿಲ್ಲಿಸಿದರು. ಬೈದಿದ್ದರೆ ಚೆನ್ನಾಗಿತ್ತು, ಮೆಲ್ಲಗೇ ಹೇಳಿದರು. "ಜಯಾ ಅವ್ರೇ, ನಿಮ್ಮ ಪಾಠದ ಬಗ್ಗೆ ನಂದೇನೂ ತಕರಾರಿಲ್ಲ. ಆದ್ರೆ ಇನ್ನೊಂದ್ಸಲ ಹೀಗಾದ್ರೆ ನಾನು ಬೇರೆಯವ್ರನ್ನ ನೋಡ್ಕೋಬೇಕಾಗುತ್ತೆ."

ಆ ಸಂಜೆ ಅಪ್ಪ ಕಾಫಿ ಲೋಟ ಹಿಡಿದು ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದರು.

"ನಾಳೆಯಿಂದ ನಸುಕಲ್ಲೇ ಎದ್ದು ನಡ್ಕೊಂಡು ಹೋಗ್ತೀನಿ ರೀ" ಅಂದಳು ಅಮ್ಮ.

"ಪುಟ್ಟಿ?"

"ಅವಳೂ ನಡೀತಾಳೆ."

ಅಜ್ಜಿ ಕಡಲೆಕಾಯಿ ಎಣ್ಣೆಯ ಹೊಸ ಡಬ್ಬ ತೆರೆಯುತ್ತಿದ್ದಳು. ಮೊಳೆ ಇಟ್ಟು ಕುಟ್ಟಿ ಒಂದು ತೂತು ಮಾಡಿ ಬಗ್ಗಿಸಿದಳು. ಎಣ್ಣೆ ಒಂಚೂರು ಬಂದು, ಬಿಕ್ಕಿ ಬಿಕ್ಕಿ ನಿಂತಿತು. ನನಗೆ ನಗು ಬಂತು. "ಅಜ್ಜಿ, ನಮ್ ಗಾಡಿ ಥರಾನೇ ಆಡ್ತಿದೆ!"

"ಆಡ್ದೆ ಇನ್ನೇನು? ಉಸ್ರಾಡಕ್ಕೊಂದು ತೂತು ಬ್ಯಾಡ್ವಾ?" ಡಬ್ಬದ ಆಚೆ ಮೂಲೆಗೆ ಇನ್ನೊಂದು ಮೊಳೆ ಕುಟ್ಟಿದಳು. ಉಸ್ ಅಂದಿತು. ಎಣ್ಣೆ ದಾರದ ಹಾಗೆ ಸಲೀಸಾಗಿ ಇಳಿಯಿತು.

ಆ ಉಸ್ ನಮಗೆಲ್ಲ ಗೊತ್ತಿದ್ದ ಸದ್ದು. ಅಪ್ಪ ಲೋಟ ಕೆಳಗಿಟ್ಟು ಎದ್ದರು. ನಾವೂ ಹಿಂದೆಯೇ ಹೋದೆವು. ಬೈಕಿನ ಮುಚ್ಚಳದ ನಡುವೆ, ಸರಿಯಾಗಿ ಕುಂಕುಮ ಒತ್ತಿದ್ದ ಕಡೆ, ಗಾಳಿಗೆಂದು ಒಂದು ಸಣ್ಣ ತೂತಿರಬೇಕಿತ್ತು. ಗಂಧ ಒಣಗಿ ಗಾರೆಯಂತೆ ಅದನ್ನು ಮುಚ್ಚಿತ್ತು. ಗಾಳಿ ಒಳಗೆ ಹೋಗದೆ ಪೆಟ್ರೋಲ್ ಕೆಳಗಿಳಿಯುತ್ತಿರಲಿಲ್ಲ. ಮುಚ್ಚಳ ತೆಗೆದಾಗಲೆಲ್ಲ ಗಾಳಿ ಹೋಗಿ ಸರಿಹೋಗುತ್ತಿತ್ತು. ಬೆಳಿಗ್ಗೆ ಅಪ್ಪ ತೆಗೆದು ನೋಡಿದ್ದಕ್ಕೆ ಸಿಕ್ಕಿದ ಗಾಳಿ ಮೃಗಾಲಯದವರೆಗೆ ಸಾಕಾಗುತ್ತಿತ್ತು, ಅಷ್ಟೆ.

ಅಪ್ಪ ಒರೆಸುವ ಬಟ್ಟೆ ತೆಗೆದುಕೊಂಡವರು ಅಜ್ಜಿಯ ಮುಖ ನೋಡಿ ನಿಂತರು. ಯಾರ ಕೆಲಸ ಉಳಿಯಲಿ ಅಂತ ಹಚ್ಚಿದ್ದಳೋ ಅವಳ ಕೆಲಸಕ್ಕೇ ಅದು ಅಡ್ಡಿಯಾಗಿತ್ತು. ಅಳಿಸಿದರೆ ಹರಕೆ ಕೆಡುತ್ತದೆ.

"ನಂದೇ ತಪ್ಪು ಕಣೇ ಜಯ" ಅಂದಳು ಅಜ್ಜಿ.

ಅಮ್ಮ ಅಪ್ಪನ ಕೈಯಿಂದ ಬಟ್ಟೆ ಕಿತ್ತುಕೊಂಡಳು. ತನ್ನ ಬಳೆಗೆ ಸಿಕ್ಕಿಸಿದ್ದ ಪಿನ್ನು ಬಿಚ್ಚಿ ಅಜ್ಜಿಯ ಕೈಗಿಟ್ಟಳು. "ಅಳಿಸೋದ್ ಬೇಡ ಅತ್ತೆ. ನಡುವೆ ಒಂದು ತೂತು ಮಾಡಿ ಸಾಕು. ಗಂಧ ಇರ್ಲಿ."

ಅಜ್ಜಿ ಮಗುವಿನ ಕಿವಿ ಚುಚ್ಚುವವಳ ಹಾಗೆ ಬಗ್ಗಿ, ಬಲು ನಿಧಾನಕ್ಕೆ ಚುಚ್ಚಿದಳು. ಉಸ್.

ಮರುದಿನ ಮೃಗಾಲಯದ ಗೋಡೆ ಬಂತು. ನನ್ನ ಬೆನ್ನಿಗೆ ಒತ್ತಿಕೊಂಡಿದ್ದ ಅಮ್ಮ ಉಸಿರು ಬಿಗಿ ಹಿಡಿದದ್ದು ನನಗೆ ತಿಳಿಯಿತು. ಗೋಡೆ ಮುಗಿಯಿತು. ಅವಳು ಉಸಿರು ಬಿಟ್ಟಿದ್ದೂ ತಿಳಿಯಿತು. ಪ್ರಾರ್ಥನೆಗೆ ಮುಂಚೆ ನಾವು ಗೇಟಿನಲ್ಲಿದ್ದೆವು.

ಆ ಗಂಧ ಮಾಸಿದಾಗಲೆಲ್ಲ ಅಜ್ಜಿ ಶುಕ್ರವಾರ ಅದರ ಮೇಲೇ ತೆಳ್ಳಗೆ ಹಚ್ಚುತ್ತಿದ್ದಳು, ನಡುವಿನ ತೂತು ಬಿಟ್ಟು. ಮುಂದಿನ ದಸರೆಯ ಹೊತ್ತಿಗೆ ಅಮ್ಮನ ಕೆಲಸ ಕಾಯಂ ಆಯಿತು. ಆವತ್ತು ಅಜ್ಜಿ ತನ್ನ ಸೆರಗಿನಲ್ಲೇ ಮುಚ್ಚಳ ಒರೆಸಿ, "ಹತ್ತು ಪುಟ್ಟಿ" ಅಂದಳು. ನನ್ನ ಜಾಗ ನನಗೆ ಬಂತು. ಕಾಲು ಮಾತ್ರ ಉದ್ದವಾಗಿ ಹ್ಯಾಂಡಲಿಗೆ ತಾಗುತ್ತಿತ್ತು.

ಅಮ್ಮ ಅದೇ ಶಾಲೆಯಲ್ಲಿ ನಿವೃತ್ತಳಾಗಿ ಈಗ ಬೋಗಾದಿಯಲ್ಲಿ ನನ್ನ ಜೊತೆಗಿದ್ದಾಳೆ. ಅಪ್ಪ, ಅಜ್ಜಿ ಇಲ್ಲ. ಬೈಕು ಗುಜರಿಗೆ ಹೋಯಿತು. ನನ್ನ ಸ್ಕೂಟರ್ ಕರೆಂಟಿನದು, ಕೆಮ್ಮುವುದಿಲ್ಲ. ಕೆಟ್ಟರೆ ಮೊಬೈಲಿಗೆ ಮೆಸೇಜ್ ಬರುತ್ತದೆ, ಅವರೇ ಬಂದು ಒಯ್ಯುತ್ತಾರೆ. ಅನುಕೂಲವೇ, ಇಲ್ಲ ಅನ್ನಲಾರೆ. ಆದರೆ ಒಂದು ಗಾಡಿ ಯಾಕೆ ನಿಂತಿತು ಅಂತ ಮನೆಮಂದಿಯೆಲ್ಲ ಅಂಗಳದಲ್ಲಿ ಸುತ್ತ ನಿಂತು ಯೋಚಿಸುವುದು ಇನ್ನು ಬರುವುದಿಲ್ಲ. ಆ ಸಂಜೆ ಬಟ್ಟೆಯ ಬದಲು ಪಿನ್ನು ಕೊಟ್ಟ ಅಮ್ಮನ ಕೈ ನೋಡಿದ್ದು ನನಗೆ ಸಿಕ್ಕ ಭಾಗ್ಯ.

ಮೊನ್ನೆ ಆಯುಧಪೂಜೆಗೆ ಸ್ಕೂಟರಿನ ಮುಂಭಾಗಕ್ಕೆ ಗಂಧ ಹಚ್ಚುತ್ತಿದ್ದೆ. ಪೆಟ್ರೋಲಿಲ್ಲ, ಮುಚ್ಚಳವಿಲ್ಲ. ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದ ಅಮ್ಮ ಕೇಳಿದಳು:

"ನಡುವೆ ಜಾಗ ಬಿಟ್ಟ್ಯೇನೇ?"

"ಬಿಟ್ಟೆ ಕಣಮ್ಮ."