ಅಕ್ಕಯ್ಯಮ್ಮ ಟ್ರ್ಯಾಕ್ಟರ್ ಹಿಂದೆ ನಡೆಯುತ್ತಾರೆ

ಸುಂಕದಕಟ್ಟೆ ದಾಟಿ ಮಾಗಡಿ ರೋಡಿನಲ್ಲಿ ಸ್ವಲ್ಪ ಮುಂದೆ ಹೋದರೆ ಟ್ರ್ಯಾಕ್ಟರಿನ ಹಿಂದೆ ತಗುಲಿಸುವ ಸಾಮಾನುಗಳ ಅಂಗಡಿ ಇದೆ. ಕುತ್ತಿಗೆಗೆ ಕಾರ್ಡು ನೇತು ಹಾಕಿಕೊಂಡು ಅಲ್ಲಿ ನಿಂತಿರುವವನು ನಾನು, ನಾಗೇಂದ್ರ. ಕಾರ್ಡಿನಲ್ಲಿ ‘ತಾಂತ್ರಿಕ ಸಲಹೆಗಾರ’ ಎಂದು ಅಚ್ಚಾಗಿದೆ. ಲಗ್ಗೆರೆಯಲ್ಲಿ ಹುಟ್ಟಿ ಲಗ್ಗೆರೆಯಲ್ಲೇ ಬೆಳೆದವನಿಗೆ ಹುಲ್ಲಿನ ಸಂಬಂಧ ಎಂದರೆ ಗಣೇಶನ ಹಬ್ಬದ ಗರಿಕೆ ಕಟ್ಟು ಮಾತ್ರ. ಟ್ರ್ಯಾಕ್ಟರ್ ಓಡಿಸಲು ಬರುವುದಿಲ್ಲ. ಬೈಕನ್ನು ಹಿಂದಕ್ಕೆ ತಳ್ಳುವಾಗಲೂ ಯಾರಾದರೂ ಹಿಡಿದುಕೊಂಡರೆ ಒಳ್ಳೆಯದು. ಆದರೂ ನಲವತ್ತು ವರ್ಷ ಉತ್ತವರಿಗೆ ದಿನವಿಡೀ ಸಲಹೆ ಕೊಡುತ್ತೇನೆ. ಅವರೂ ಪಾಪ ಕೇಳಿಸಿಕೊಳ್ಳುತ್ತಾರೆ.

ಅಕ್ಕಯ್ಯಮ್ಮನವರು ಗಂಡ ಉಗ್ರಪ್ಪನವರ ಜೊತೆ ಬಂದದ್ದು ಮಳೆಗಾಲ ಮುಗಿಯುವ ಹೊತ್ತಿಗೆ. ಉಗ್ರಪ್ಪ ಕುರ್ಚಿಯಲ್ಲಿ ಕೂತರು. ಆಕೆ ಕೂರಲಿಲ್ಲ. ಹಸು ಕೊಳ್ಳುವವರು ಬಾಯಿ ಬಿಡಿಸಿ ಹಲ್ಲು ನೋಡುತ್ತಾರಲ್ಲ, ಹಾಗೆ ಸಾಲಾಗಿ ನಿಂತ ಮೆಷಿನ್ನುಗಳ ಕೆಳಗೆ ಬಗ್ಗಿ ಬಗ್ಗಿ ನೋಡಿಕೊಂಡು ಬಂದರು.

“ಸೈಟು ಕ್ಲೀನ್ ಮಾಡೋಕೆ ಬೇಕಪ್ಪ, ಪೊದೆ ಕಡಿಯೋದು,” ಎಂದರು ಉಗ್ರಪ್ಪ. “ನಮ್ಮದು ನಲವತ್ತೈದು ಎಚ್‌ಪಿ ಗಾಡಿ.”

“ಹಾಗಾದ್ರೆ ರೋಟರಿ ಕಟರ್, ಐದಡಿ ಅಗಲದ್ದು ಸಾಕು ಅಣ್ಣ. ಆರಡಿದೂ ಎಳೆಯುತ್ತೆ, ಆದ್ರೆ ದಪ್ಪ ಔಡಲ ಸಿಕ್ಕಿದ ಕಡೆ ಇಂಜಿನ್ ಏದುಸಿರು ಬಿಡುತ್ತೆ.” ಔಡಲದ ಗಿಡ ಯಾವುದು ಎಂದು ತೋರಿಸಲು ಹೇಳಿದ್ದರೆ ನನ್ನ ಮಾನ ಅಲ್ಲೇ ಹೋಗುತ್ತಿತ್ತು. ಅವರು ಹೇಳಲಿಲ್ಲ.

ನಮ್ಮಲ್ಲಿ ಐದಡಿಯದು ಎರಡು ಥರ ಇತ್ತು. ಎರಡೂ ಬೋರಲು ಹಾಕಿದ ಕಬ್ಬಿಣದ ಪೆಟ್ಟಿಗೆಯೇ. ಒಳಗೆ ಫ್ಯಾನಿನ ಹಾಗೆ ಬ್ಲೇಡು ತಿರುಗುತ್ತದೆ. ಒಂದಕ್ಕೆ ಹಿಂಬದಿಯಲ್ಲಿ ಪರದೆಯಂತೆ ಚೈನುಗಳು ಇಳಿಬಿದ್ದಿವೆ, ಬ್ಲೇಡಿಗೆ ಸಿಕ್ಕಿದ ಕಲ್ಲು ಹೊರಗೆ ಹಾರದ ಹಾಗೆ. ಇನ್ನೊಂದರ ಹಿಂಬದಿ ಬಯಲು. ಇದನ್ನೆಲ್ಲ ಒಂದೇ ಉಸಿರಿನಲ್ಲಿ ಒಪ್ಪಿಸಿದೆ.

“ಇದು ಕುಯ್ದ ಹುಲ್ಲನ್ನ ಹಸ ತಿಂತಾವಾ?” ಎಂದರು ಅಕ್ಕಯ್ಯಮ್ಮ.

ಕೆಲಸಕ್ಕೆ ಸೇರಿದಾಗಿನಿಂದ ಯಾರೂ ಕೇಳದ ಪ್ರಶ್ನೆ. ಕಂಪನಿಯ ಪುಸ್ತಕದಲ್ಲೂ ಉತ್ತರವಿರಲಿಲ್ಲ. “ಚೈನ್ ಇರೋದು ಒಳಗೇ ಸುತ್ತಿಸಿ ಪುಡಿ ಮಾಡುತ್ತೆ ಆಂಟಿ. ಬಯಲಿರೋದು ಉದ್ದುದ್ದ ಬಿಸಾಡುತ್ತೆ.”

“ಆಂಟಿಯಂತೆ! ನಿಮ್ಮಜ್ಜಿ ವಯಸ್ಸಾಗೈತೆ ನಂಗೆ. ಪುಡಿ ಮಾಡಿ ಮಣ್ಣಿಗೆ ಬೆರೆಸಿದ್ರೆ ಹಸ ಮೂಸೂ ನೋಡಲ್ಲ ಕಣಪ್ಪ. ಬಯಲಿರೋದೇ ಕೊಡು. ನಾನು ಹಿಂದೇನೇ ಬಾಚ್ಕೊಂಡು ಬತ್ತೀನಿ.”

“ಹಿಂದೇನೇ ಅಂದ್ರೆ?”

“ಹಿಂದೆ ಅಂದ್ರೆ ಹಿಂದೆ. ಮುಂದೆ ಹೋಗೋಕೆ ನಾನೇನು ಎತ್ತಾ?”

ಉಗ್ರಪ್ಪ ನಕ್ಕರು. ನನಗೆ ನಗು ಬರಲಿಲ್ಲ.

ಆಕೆ ಹೇರೋಹಳ್ಳಿಗೆ ಸೊಸೆಯಾಗಿ ಬಂದಾಗ ಅದಿನ್ನೂ ಹಳ್ಳಿ. ಗಂಡ ಉಳುತ್ತಿದ್ದರೆ ನೇಗಿಲ ಹಿಂದೆ ನಡೆಯುತ್ತ, ರಾಗಿ ಹೊಲದ ನಡುನಡುವಿನ ಅಕ್ಕಡಿ ಸಾಲಿಗೆ ಅವರೆ ಬೀಜ ಬಿಡುವುದು ಆಕೆಯ ಕೆಲಸ. ಎತ್ತು ಹೋಗಿ ಟ್ರ್ಯಾಕ್ಟರ್ ಬಂತು. ಆಕೆ ಅದರ ಹಿಂದೆ ನಡೆದರು. ಆಮೇಲೆ ಹೊಲವೇ ಸೈಟುಗಳಾಗಿ ಮಾರಿಹೋಯಿತು. ಟ್ರ್ಯಾಕ್ಟರನ್ನು ಮಾತ್ರ ಉಗ್ರಪ್ಪ ಮಾರಲಿಲ್ಲ. ಸೈಟು ಕೊಂಡ ವಿಜಯನಗರ, ಮಹಾಲಕ್ಷ್ಮಿ ಲೇಔಟಿನವರು ಮನೆ ಕಟ್ಟದೆ ಬಿಟ್ಟ ಕಡೆಯೆಲ್ಲ ಆಳೆತ್ತರ ಪೊದೆ ಬೆಳೆಯಿತು. ಅದನ್ನು ತೆಗೆಯಲು ಈಗ ಇವರನ್ನೇ ಕರೆಯುತ್ತಾರೆ. ಮನೆಯಲ್ಲಿ ಎರಡು ಹಸು. ಪೊದೆಯ ನಡುವಿನ ಹುಲ್ಲು ಹಸುಗಳ ಪಾಲು.

“ಟ್ರ್ಯಾಕ್ಟರ್ ಕದಲಿದ್ರೆ ನನ್ ಕಾಲು ತಾನಾಗೇ ಕದಲ್ತಾವೆ,” ಎಂದರು. “ನಾನು ಹೇಳ್ಬೇಕಾಗೇ ಇಲ್ಲ.”

ನಾನು ಫೋನ್ ತೆಗೆದು ಒಂದು ವಿಡಿಯೋ ತೋರಿಸಿದೆ. ಬ್ಲೇಡಿಗೆ ಸಿಕ್ಕ ಕಲ್ಲು ದೂರದಲ್ಲಿ ನಿಂತ ಕಾರಿನ ಗಾಜನ್ನು ಒಡೆದು ಆಚೆ ಹೋಗುವ ವಿಡಿಯೋ. “ಕಾರಿನ ಜಾಗದಲ್ಲಿ ನೀವಿದ್ರೆ ಏನಮ್ಮ ಗತಿ?”

ಆಕೆ ಎರಡು ಸಲ ಹಾಕಿಸಿ ನೋಡಿದರು. “ಅದ್ಯಾವ ದೇಸದ ಹೊಲವೋ, ಅಲ್ಲಿ ಕಲ್ಲೈತೆ. ನಮ್ಮ ಹೊಲ್ದಾಗೆ ಕಲ್ಲಿಲ್ಲ.”

“ಯಾರು ಹೇಳಿದ್ದು?”

“ಯಾರು ಹೇಳ್ಬೇಕು? ಆರಿಸಿ ಹಾಕಿದೋಳು ನಾನೇ. ಮದುವೆಯಾಗಿ ಬಂದ ವರ್ಸದಿಂದ, ಮುಂಗಾರಿಗೆ ಮುಂಚೆ, ಮಕ್ರಿ ಮಕ್ರಿ ಹೊತ್ತು ಬದುವಿಗೆ ಸುರಿದಿದ್ದೀನಿ. ಬರಿಗಾಲಲ್ಲಿ ನಡೆದ್ರೂ ಒಂದು ಹರಳು ಚುಚ್ಚಲ್ಲ ಆ ನೆಲ.”

ಉಗ್ರಪ್ಪ ಕುರ್ಚಿಯಿಂದ ಎದ್ದು, “ಚೈನ್ ಇರೋದೇ ಹಾಕಪ್ಪ,” ಎಂದರು. “ಇವಳ ಮಾತು ಹಸಕ್ಕೆ, ನಿನ್ನ ಮಾತು ಮನುಷ್ಯರಿಗೆ.”

ಆ ದಿನ ಒಂದು ಜೀವ ಉಳಿಸಿದವನ ಹಾಗೆ ಬೀಗಿದೆ. ಮೆಷಿನ್ನಿನ ಬೆನ್ನ ಮೇಲೆ ಎಚ್ಚರಿಕೆಯ ಕೆಂಪು ಚಿತ್ರವನ್ನು ನಾನೇ ಅಂಟಿಸಿದೆ; ಓಡಿಹೋಗುವ ಒಬ್ಬ ಮನುಷ್ಯ, ಅವನ ಬೆನ್ನಿಗೆ ಹಾರಿಬರುವ ಕಲ್ಲು. ಅಕ್ಕಯ್ಯಮ್ಮ ಅದನ್ನು ದಿಟ್ಟಿಸಿ ನೋಡಿ, “ಇವನು ಪ್ಯಾಂಟ್ ಹಾಕವ್ನೆ,” ಎಂದರು. ಅಲ್ಲಿಗೆ ಆ ಚಿತ್ರಕ್ಕೂ ತಮಗೂ ಸಂಬಂಧವಿಲ್ಲ ಎಂದು ತೀರ್ಮಾನವಾಯಿತು.

ದೀಪಾವಳಿ ಕಳೆದ ಮೇಲೆ, ಬ್ಲೇಡಿನ ಬೋಲ್ಟು ಸಡಿಲವಾಗಿದೆಯೇ ನೋಡಿ ಬಾ ಎಂದು ಮ್ಯಾನೇಜರ್ ನನ್ನನ್ನು ಹೇರೋಹಳ್ಳಿಗೆ ಕಳಿಸಿದರು. ಅಗೆದು ಬಿಟ್ಟ ರಸ್ತೆಯಲ್ಲಿ ಬೈಕು ನನ್ನನ್ನು ಕುಣಿಸಿಕೊಂಡು ಹೋಯಿತು. ಉಗ್ರಪ್ಪನವರ ಮನೆ ಬಾಗಿಲು ಮುಂದೆ ಮಾಡಿತ್ತು, ಒಳಗೆ ಯಾರೂ ಇರಲಿಲ್ಲ. ಪಕ್ಕದ ಕೊಟ್ಟಿಗೆಯಲ್ಲಿ ಎರಡು ಹಸು ಮೆಲುಕು ಹಾಕುತ್ತಿದ್ದವು. ಒಂದು ತಲೆ ಕೊಡವಿತು. ಠಣ್ ಎಂದಿತು.

ಹಸುಗಳನ್ನು ಕಟ್ಟಿದ್ದು ಹಗ್ಗದಲ್ಲಲ್ಲ, ಚೈನಿನಲ್ಲಿ. ತುಂಡುಗಳನ್ನು ತಂತಿಯಿಂದ ಒಂದಕ್ಕೊಂದು ಬಿಗಿದು ಉದ್ದ ಮಾಡಿದ ಚೈನು. ಪಾಲಿಶ್ ಇನ್ನೂ ಮಾಸಿರಲಿಲ್ಲ. ಒಂದೊಂದು ತುಂಡನ್ನೂ ಮುಟ್ಟಿ ಮುಟ್ಟಿ ಹೊಗಳಿ ಮಾರಿದವನಿಗೆ ಗುರುತು ಸಿಗದೆ ಇರುತ್ತದೆಯೇ?

ಅಷ್ಟರಲ್ಲಿ ಹಿಂದಿನ ಬೀದಿಯಿಂದ ಟ್ರ್ಯಾಕ್ಟರಿನ ಸದ್ದು ಬಂತು.

ಓಡಿದೆ. ಮೂರು ಕಡೆ ಕಾಂಪೌಂಡಿನ ನಡುವೆ ಒಂದು ಖಾಲಿ ಸೈಟು, ಹಿಂದೆ ಅವರದೇ ಹೊಲವಾಗಿದ್ದದ್ದು. ಅರ್ಧ ಬೋಳಾಗಿದೆ, ಅರ್ಧದಲ್ಲಿ ಪೊದೆ. ಉಗ್ರಪ್ಪ ಮುಂದೆ ನೋಡಿಕೊಂಡು ಓಡಿಸುತ್ತಿದ್ದಾರೆ. ಕಟರಿನ ಹಿಂಬದಿಯಲ್ಲಿ ಚೈನು ಸಿಕ್ಕಿಸುವ ಸರಳು ಮಾತ್ರ ಉಳಿದಿದೆ. ಅದರಿಂದ ಮಾರು ದೂರದಲ್ಲಿ ಸೀರೆ ಎತ್ತಿ ಕಟ್ಟಿ, ಹೆಗಲಿಗೆ ಹುಲ್ಲಿನ ಹೊರೆ ಕಟ್ಟುವ ಹಗ್ಗ ಹಾಕಿಕೊಂಡು ಅಕ್ಕಯ್ಯಮ್ಮ ನಡೆಯುತ್ತಿದ್ದಾರೆ, ಬರಿಗಾಲಲ್ಲಿ, ಅವರೆ ಬೀಜ ಬಿಡುವವರ ಹಾಗೆ ನಿಧಾನವಾಗಿ.

ಕೂಗಿದೆ. ಇಂಜಿನ್ನಿನ ಸದ್ದಿಗೆ ನನ್ನ ಕೂಗು ನನಗೇ ಕೇಳಲಿಲ್ಲ. ಹತ್ತಿರ ಹೋಗಬೇಕು; ಆದರೆ ಹೋಗಬಾರದು ಎಂದು ಎಲ್ಲರಿಗೂ ಪಾಠ ಮಾಡುವವನೂ ನಾನೇ. ಕೊನೆಗೆ ತಾಂತ್ರಿಕ ಸಲಹೆಗಾರರು ಕರೆಂಟ್ ಕಂಬದ ಮರೆಗೆ ನಿಂತು ಹೆಲ್ಮೆಟ್ ಬೀಸಿದರು.

ಅಕ್ಕಯ್ಯಮ್ಮ ಒಂದು ಹಿಡಿ ಹುಲ್ಲಿಗೆ ಬಗ್ಗಿದರು.

ಆಗಲೇ ಕಟರಿನ ಕೆಳಗೆ ಖಣ್ ಎಂಬ ಸದ್ದು. ಮರುಕ್ಷಣ ಆಕೆಯ ಹಿಂದಿನ ಗೋಡೆಯಿಂದ ಗಾರೆ ಉದುರಿ ಧೂಳೆದ್ದಿತು. ಉಗ್ರಪ್ಪ ಕಟರ್ ಎತ್ತಿ ಟ್ರ್ಯಾಕ್ಟರ್ ನಿಲ್ಲಿಸಿದರು. ಅಕ್ಕಯ್ಯಮ್ಮ ಹುಲ್ಲು ಹಿಡಿದುಕೊಂಡೇ ನೆಟ್ಟಗಾದರು.

“ಯಾಕೆ ನಿಂತೋಯ್ತು?” ಎಂದರು.

ನಾನು ಗೋಡೆಯ ಕಡೆ ಕೈ ತೋರಿಸಿದೆ. ಆಕೆ ತಿರುಗಿ ನೋಡಿ, ನಡೆದುಹೋಗಿ ಗೋಡೆಯ ಪಕ್ಕ ನಿಂತರು. ಕಲ್ಲು ಬಡಿದ ಗುಳಿ ಆಕೆಯ ಕಿವಿಗೆ ಸಮನಾಗಿತ್ತು. ಅದರೊಳಗೆ ಬೆರಳು ಹಾಕಿ ನೋಡಿದರು. ಆಮೇಲೆ ಕೆಳಗೆ ಬಿದ್ದಿದ್ದ ಚೂರನ್ನು ಎತ್ತಿಕೊಂಡರು. ಒಂದು ಮೈ ಒರಟು, ಇನ್ನೊಂದು ಮೈ ಕನ್ನಡಿಯಂತೆ ಕರ್ರಗೆ ಹೊಳೆಯುವ ಗ್ರಾನೈಟ್. ಯಾರದೋ ಅಡುಗೆಮನೆ ಒಡೆದ ಮಣ್ಣನ್ನು ಯಾರೋ ಇಲ್ಲಿ ಸುರಿದು ಹೋಗಿದ್ದಾರೆ. ಅದರ ಮೇಲೆ ಹುಲ್ಲು ಬೆಳೆದಿದೆ.

“ಇದು ನಮ್ಮ ಹೊಲದ್ದಲ್ಲ,” ಎಂದರು.

“ಅಲ್ಲಮ್ಮ. ಆದ್ರೆ ಈಗ ಇಲ್ಲೇ ಇದೆ. ಇಂಥವು ಇನ್ನೆಷ್ಟಿವೆಯೋ,” ಎಂದೆ. “ಆ ಚೈನು...”

“ಹಸ ಹಗ್ಗ ಕಡ್ಕೊಂಡು ಮೇನ್ ರೋಡಿಗೆ ಹೋಗ್ತಿತ್ತಪ್ಪ,” ಎಂದರು ಉಗ್ರಪ್ಪ, ಸೀಟಿನಿಂದ ಇಳಿಯದೆ. “ಬೇರೆ ತರೋವರ್ಗೂ ಇರ್ಲಿ ಅಂದ್ಲು. ನಾನೂ ಹೂಂ ಅಂದೆ.”

ಅಕ್ಕಯ್ಯಮ್ಮ ಕಲ್ಲನ್ನು ಹಿಡಿದು ಸೈಟಿನ ಮೂಡಣ ಬದಿಗೆ ನಡೆದರು, ಎಸೆಯಲು ಕೈಯೆತ್ತಿದರು. ಅವರು ಮಕ್ಕರಿ ಮಕ್ಕರಿ ಕಲ್ಲು ಸುರಿಯುತ್ತಿದ್ದ ಬದು ಅಲ್ಲಿರಲಿಲ್ಲ. ಯಾರದೋ ಮನೆಯ ಗೋಡೆ ಇತ್ತು. ಎತ್ತಿದ ಕೈ ಇಳಿಯಿತು. ಕಲ್ಲನ್ನು ಮಡಿಲಿಗೆ ಹಾಕಿಕೊಂಡು ನನ್ನ ಹತ್ತಿರ ಬಂದರು, ಕಂಬದ ಬುಡದ ಚಪ್ಪಡಿ ಮೇಲೆ ಕೂತರು.

“ಚೈನ್ ಹಾಕ್ದೆ ಓಡಿಸ್ಬೇಡಿ ಅಣ್ಣ,” ಎಂದೆ ಉಗ್ರಪ್ಪನವರಿಗೆ.

“ಅವಳು ಅಲ್ಲಿ ಕೂತವ್ಳಲ್ಲಪ್ಪ. ಇನ್ನೊಂದು ಗಳಿಗೆ ಕೆಲ್ಸ. ಓನರ್ ಬರೋ ಹೊತ್ತಾಯ್ತು.” ಹೆಂಡತಿಯ ಕಡೆ ತಿರುಗಿ, “ಲೇ, ಅಲ್ಲೇ ಕೂತಿರು. ಏಳ್ಬೇಡ,” ಎಂದರು.

“ಹೂಂ,” ಎಂದರು ಅಕ್ಕಯ್ಯಮ್ಮ. “ನಾನ್ಯಾಕೆ ಏಳ್ಲಿ? ಸಾಯೋಕಾ?”

ಅವರು ಸುಳ್ಳು ಹೇಳುತ್ತಿರಲಿಲ್ಲ. ಆದರೆ ಟ್ರ್ಯಾಕ್ಟರ್ ಕದಲಿದರೆ ಕಾಲು ತಾನಾಗೇ ಕದಲುತ್ತದೆ ಎಂದಿದ್ದವರೂ ಅವರೇ; ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು. ಅವರ ಹೆಗಲಿನ ಹಗ್ಗದ ಒಂದು ತುದಿ ನೆಲಕ್ಕೆ ಬಿದ್ದಿತ್ತು. ಅದನ್ನೆತ್ತಿ ಮುಂಗೈಗೆ ಸುತ್ತಿಕೊಂಡೆ. ಆಕೆ ನೋಡಿದರು. ತಮ್ಮ ಕಡೆಯ ತುದಿಯನ್ನು ತಾವೇ ಸೊಂಟಕ್ಕೆ ಬಿಗಿದುಕೊಂಡರು.

ಕಟರ್ ಕೆಳಗಿಳಿಯಿತು. ಟ್ರ್ಯಾಕ್ಟರ್ ಕದಲಿತು. ನಾನು ಅದನ್ನು ನೋಡಲಿಲ್ಲ, ಚಪ್ಪಡಿಯಿಂದ ಇಳಿಬಿದ್ದಿದ್ದ ಆಕೆಯ ಪಾದಗಳನ್ನು ನೋಡುತ್ತಿದ್ದೆ. ಮೊದಲು ಹೆಬ್ಬೆರಳು ಮಣ್ಣನ್ನು ಒತ್ತಿತು. ಆಮೇಲೆ ಹಿಮ್ಮಡಿ ಊರಿತು.

ನನ್ನ ಮುಂಗೈ ಮೇಲಿನ ಹಗ್ಗ ನಿಧಾನಕ್ಕೆ ಬಿಗಿಯಾಗತೊಡಗಿತು.