ಹಿಮನದಿಯ ದಡದಲ್ಲಿ ಗೃಹಪ್ರವೇಶ

ಸ್ವಂತ ಮನೆಯಲ್ಲಿ ಕೂರಲು ಹೆದರುವ ಗಂಡಸರ ಸಂಘವೊಂದು ಲಂಡನ್ನಿನಲ್ಲಿ ಇದ್ದಿದ್ದರೆ, ಅದರ ಅಧ್ಯಕ್ಷನಾಗಿ ನಾನು ಅವಿರೋಧವಾಗಿ ಆಯ್ಕೆಯಾಗುತ್ತಿದ್ದೆ. ನಮ್ಮ ಸೋಫಾ ಒಂದು ಹಿಮನದಿ. ಉಪಮೆ ಅಂದುಕೊಳ್ಳಬೇಡಿ, ಅಂಗಡಿಯವನು ಹಾಗೆಂದೇ ಮಾರಿದ್ದು. ನಾರ್ವೆಯ ಯಾವುದೋ ಬೆಟ್ಟದಿಂದ ಇಳಿಯುವ ಹಿಮ ನೋಡಿ ವಿನ್ಯಾಸಕನೊಬ್ಬನಿಗೆ ಸ್ಫೂರ್ತಿ ಬಂತಂತೆ. ಸ್ಫೂರ್ತಿ ಅವನಿಗೆ, ಜಾರುವುದು ನಾನು.

ಎರಡು ಸಾವಿರದ ಹತ್ತರ ದಶಕದಲ್ಲಿ ಅರ್ಧ ಲಂಡನ್ನಿಗೆ ಈ ನಾರ್ಡಿಕ್, ಅಂದರೆ ನಾರ್ವೆ ಕಡೆಯ ಸಾಮಾನಿನ ಹುಚ್ಚು ಹಿಡಿದಿತ್ತು. ನನ್ನ ಹೆಂಡತಿ ಸುಮನಾಗೆ ಹಿಡಿದದ್ದಕ್ಕೆ ಮಾತ್ರ ಕಾರಣವಿತ್ತು. ಕುಂದಾಪುರದಿಂದ ಬಂದವಳು ವರ್ಷಗಟ್ಟಲೆ ಬಾಡಿಗೆ ಮನೆಗಳಲ್ಲಿ, ಯಾರದೋ ಹೂವಿನ ಪರದೆ, ಯಾರದೋ ನಾಯಿಯ ವಾಸನೆ ಬಡಿದ ಕುರ್ಚಿಗಳ ನಡುವೆ ಬದುಕಿದ್ದಳು. ‘ನಮ್ಮದು ಅಂತ ಒಂದಾದರೆ, ಯಾರೂ ಮುಟ್ಟದ ಸಾಮಾನು ತರ್ತೀನಿ’ ಎಂಬುದು ಅವಳ ಹಟ. ಉತ್ತರ ಲಂಡನ್ನಿನ ಎಜ್‌ವೇರಿನಲ್ಲಿ ಕೊನೆಗೂ ಫ್ಲ್ಯಾಟ್ ಕೊಂಡಾಗ ಹಿಮನದಿ ಬಂತು. ಹಿಂದೆಯೇ ಹೆಪ್ಪುಗಟ್ಟಿದ ಸರೋವರದಂಥ ರಗ್ಗು, ಬಿಳಿ ಕಾಂಡಗಳ ಕಾಡು ನೇಯ್ದ ಪರದೆ, ಪಾಚಿ ಬಣ್ಣದ ದಿಂಬು. ಜೊತೆಗೆ ಕಾನೂನೂ ಬಂತು. ಸರೋವರದಲ್ಲಿ ಕಾಫಿ ಕುಡಿಯಕೂಡದು. ಹಿಮನದಿಯ ಆಸುಪಾಸು ಸಾರಿನ ತಟ್ಟೆ ಸುಳಿಯಕೂಡದು. ಮಗಳು ಅನ್ವಿ ಬಾತ್‌ರೂಮಿಗೆ ಸರೋವರವನ್ನು ಪ್ರದಕ್ಷಿಣೆ ಹಾಕಿ ಹೋಗುತ್ತಿದ್ದಳು. ನಾನು ಅಡುಗೆಮನೆಯಲ್ಲಿ ನಿಂತೇ ಉಣ್ಣುತ್ತಿದ್ದೆ.

ನಮ್ಮ ಪೂರ್ವಿಕರೂ ಪ್ರಕೃತಿಯನ್ನು ಮನೆಯೊಳಗೆ ತಂದವರೇ. ಸೀರೆಯಂಚಿಗೆ ನವಿಲು, ಉಯ್ಯಾಲೆಮಣೆಗೆ ಗಿಳಿ. ಆದರೆ ಇಡೀ ಬೆಟ್ಟವನ್ನೇ ಹೊತ್ತು ತಂದು ‘ಇದರ ಮೇಲೆ ಕೂರಿ, ಆದರೆ ಕೂರಬೇಡಿ’ ಅಂದವರಲ್ಲ. ಸೋಫಾ ಕೊಂಡರೂ ನೆಲದ ಮೇಲೆ ಕೂತು ಅದಕ್ಕೆ ಬೆನ್ನು ಕೊಡುವ ಜನ ನಾವು. ಸುಮನಾ ಬೆನ್ನು ಕೊಡುವುದಕ್ಕೂ ಬಿಡಲಿಲ್ಲ.

ಗೃಹಪ್ರವೇಶಕ್ಕೆ ಉಡುಪಿ ಕಡೆಯ ಭಟ್ಟರು ಬಂದರು. ವಾರವಿಡೀ ಅವರು ಪಾರ್ಕ್ ರಾಯಲ್‌ನ ಗೋದಾಮಿನಲ್ಲಿ ಪಾರ್ಸೆಲ್‌ಗಳಿಗೆ ವಿಳಾಸ ಅಂಟಿಸುವವರು, ಭಾನುವಾರ ಪುರೋಹಿತರು. ಹಿಮನದಿ ಬಾಗಿಲಲ್ಲಿ ಹಿಡಿಸದೆ ಕಿಟಕಿಯಿಂದ ಒಳಗೆ ಬಂದದ್ದು, ಅಲುಗಾಡಿಸುವ ಹಾಗಿಲ್ಲ, ಅದರ ಕಾಲಡಿಯ ರಗ್ಗನ್ನು ಸುತ್ತಿಡುವ ಹಾಗೂ ಇಲ್ಲ. ಹಾಗಾಗಿ ಮಣೆ ಹಾಕಿದ್ದು ಸರೋವರದ ಮೇಲೆಯೇ.

“ಅದ್ ನಾರ್ವೆ ಸರೋವರ ಭಟ್ರೆ, ಅರಶಿನ ತಾಗ್ಸ್‌ಬೇಡಿ ಕಾಣಿ,” ಎಂದಳು ಸುಮನಾ.

ಅಲ್ಲಿಗೆ ಪೂಜೆ ನಿಂತಿತು. ಪೂಜೆಗೆ ಮೊದಲು ನಾವು ಯಾವ ದೇಶದಲ್ಲಿ, ಯಾವ ನದಿಯ ದಡದಲ್ಲಿ ಕೂತಿದ್ದೇವೆಂದು ದೇವರಿಗೆ ತಿಳಿಸುವ ಸಂಕಲ್ಪ ಇರುತ್ತದಲ್ಲ? ಭಟ್ಟರು ಎಂದಿನಂತೆ ‘ಥೇಮ್ಸ್ ನದ್ಯಾಃ ಉತ್ತರೇ ತೀರೇ’ ಎನ್ನಲು ಬಾಯಿ ತೆರೆದು, ಸುತ್ತ ನೋಡಿ, ಮುಚ್ಚಿದರು.

“ಎಂತ ಮಾರಾಯ್ರೆ! ಕೂತದ್ದು ನಾರ್ವೆ ಸರೋವರದ ಮೇಲೆ, ಎದುರಿಗೆ ನಾರ್ವೆ ಹಿಮ, ಹಿಂದೆ ನಾರ್ವೆ ಕಾಡು. ಥೇಮ್ಸ್ ಅಂತ ಹ್ಯಾಗೆ ಹೇಳೂದು? ಅಡ್ರೆಸ್ ತಪ್ಪಿದ್ರೆ ಪುಣ್ಯ ಎಲ್ಲಿಗೆ ಡೆಲಿವರಿ ಆಗೂದು?”

“ಟೆಕ್ನಿಕಲಿ, ದಿಸ್ ಈಸ್ ನಾರ್ವೆ,” ಎಂದು ಅನ್ವಿ ಒಗ್ಗರಣೆ ಹಾಕಿದಳು.

ಸಂಕಲ್ಪಕ್ಕೆ ನಾರ್ವೆಯನ್ನೇ ಸೇರಿಸೋಣವೆಂದು ಭಟ್ಟರು ಗಂಭೀರವಾಗಿ ಯೋಚಿಸತೊಡಗಿದರು. ಅಲ್ಲಿನ ನದಿ ಯಾವುದು ಎಂದು ನನ್ನನ್ನು ಕೇಳಿದರು. ಮೈಸೂರಿನವನಾದ ನಾನು ಕಾವೇರಿಯ ಆಚೆಗೆ ಯಾವ ನದಿಯನ್ನೂ ನೆಚ್ಚಿದವನಲ್ಲ, ಆದರೂ ಫೋನಿನಲ್ಲಿ ಹುಡುಕಲು ಹೊರಟೆ. ಎಷ್ಟೋ ವರ್ಷ ಕಾದು ಕೊಂಡ ಮನೆಯ ಪುಣ್ಯ ನಮ್ಮ ಕಣ್ಣೆದುರೇ ಓಸ್ಲೋಗೆ ಹೊರಟು ನಿಂತಿತ್ತು.

ತಲೆಯೆತ್ತಿದರೆ ಸುಮನಾಳ ಕಣ್ಣು ತುಂಬಿತ್ತು. ನಾನು ಫೋನು ಕೆಳಗಿಟ್ಟೆ.

“ಇದ್ ನನ್ನ ಮನಿ ಭಟ್ರೆ,” ಎಂದಳು. ಸರ್ರನೆ ಎದ್ದು ಅರಿಶಿನದ ಬಟ್ಟಲಲ್ಲಿ ಅಂಗೈ ಅದ್ದಿ, ಹಿಮನದಿಯ ನಟ್ಟನಡುವೆ, ಊರಲ್ಲಿ ಹೊಸ ಬಾಗಿಲಿಗೆ ಒತ್ತುವಂತೆ, ಐದೂ ಬೆರಳು ಮೂಡುವ ಹಾಗೆ ಒತ್ತಿಬಿಟ್ಟಳು. ನಾನು “ಅಯ್ಯೋ” ಅಂದೆ. ಅವಳು ತಿರುಗಿಯೂ ನೋಡಲಿಲ್ಲ.

“ಈಗ ಹೇಳಿ, ಎಜ್‌ವೇರ್ ಅಂತ್ಹೇಳಿ.”

ಭಟ್ಟರು ಆ ಹಳದಿ ಕೈಯನ್ನು ಪಾರ್ಸೆಲ್ಲಿನ ಚೀಟಿ ಪರೀಕ್ಷಿಸುವಷ್ಟು ಹೊತ್ತು ನೋಡಿದರು. ತೃಪ್ತಿಯಾಗಿ ಕಣ್ಣು ಮುಚ್ಚಿ, ಗಟ್ಟಿಯಾಗಿ ಥೇಮ್ಸ್ ಎಂದರು, ಎಜ್‌ವೇರ್ ಎಂದರು.

“ಅಮ್ಮಾ, ಕ್ಯಾನ್ ಐ ಸಿಟ್ ನೌ?” ಹಿಮನದಿಯತ್ತ ನೋಡುತ್ತ ಅನ್ವಿ ಪಿಸುಗುಟ್ಟಿದಳು.

“ಕೂಕೋ ಮಗಾ.”

ನನಗೆ ಯಾರೂ ಹೇಳಲಿಲ್ಲ. ನಾನೂ ಕೂತೆ.